ಕ್ಲಾರ್ಕ್ ಕೆರ್ ಅವರನ್ನು ತೆಗೆದದ್ದು ಯಾರು? ಅಮೆರಿಕದ ವಿಶ್ವವಿದ್ಯಾಲಯ ಅಧ್ಯಕ್ಷಗಿರಿಯ ಹಿನ್ನೆಲೆ

2023ರ ಡಿಸೆಂಬರ್ 5ರಂದು ಅಮೆರಿಕದ ಸಂಸತ್ತಿನ ಕೆಳಮನೆಯ ಸಮಿತಿಯೊಂದು ಹಾರ್ವರ್ಡ್, ಪೆನ್ಸಿಲ್ವೇನಿಯಾ ಮತ್ತು ಎಂಐಟಿ ಅಧ್ಯಕ್ಷರನ್ನು ಕರೆಸಿ, ಗಾಜಾ ಯುದ್ಧ ಶುರುವಾದ ನಂತರ ಆವರಣಗಳಲ್ಲಿ ಹಬ್ಬಿದ ಯಹೂದಿ ದ್ವೇಷದ ಬಗ್ಗೆ ಗಂಟೆಗಟ್ಟಲೆ ಪ್ರಶ್ನಿಸಿತು. ನಾಲ್ಕೇ ದಿನಗಳಲ್ಲಿ ಪೆನ್ಸಿಲ್ವೇನಿಯಾದ ಲಿಜ್ ಮಗಿಲ್ ರಾಜೀನಾಮೆ ಕೊಟ್ಟರು. ಬರಹಗಳಲ್ಲಿ ಕೃತಿಚೌರ್ಯ ನಡೆದಿದೆಯೆಂಬ ಆರೋಪವನ್ನೂ ಎದುರಿಸಿದ ಹಾರ್ವರ್ಡ್‌ನ ಕ್ಲೋಡೀನ್ ಗೇ 2024ರ ಜನವರಿ 2ರಂದು ಕೆಳಗಿಳಿದರು. ಹಾರ್ವರ್ಡ್‌ನ ಇತಿಹಾಸದಲ್ಲೇ ಅದು ಅತಿ ಚಿಕ್ಕ ಅಧ್ಯಕ್ಷಾವಧಿ. ಅದೇ ಆಗಸ್ಟ್‌ನಲ್ಲಿ ಕೊಲಂಬಿಯಾದ ಮಿನೂಶ್ ಶಫೀಕ್ ಕೂಡ ಹೊರನಡೆದರು. ದೂರದಿಂದ ನೋಡುವವರಿಗೆ ಇದು ಈ ಕಾಲದ ರಾಜಕೀಯದ ಬಿರುಗಾಳಿಯಂತೆ ಕಾಣುತ್ತದೆ. ಆದರೆ ಆ ಹುದ್ದೆ ಹೀಗೆ ಅಲುಗಾಡುವುದಕ್ಕೆ ಕಾರಣ ಬಹಳ ಹಿಂದಿನದು, ಅದು ಹುದ್ದೆಯ ಕಟ್ಟೋಣದಲ್ಲಿಯೇ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದು 1967ರಲ್ಲಿ ವಜಾ ಆದ ಕ್ಲಾರ್ಕ್ ಕೆರ್ ಅವರ ಕಥೆ ಅದನ್ನು ತೋರಿಸುತ್ತದೆ.

ನಮ್ಮ ಓದುಗರಿಗೆ ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ಕರ್ನಾಟಕದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಪಾಲರು ಕುಲಾಧಿಪತಿ. ಅವರು ನೇಮಿಸುವ ಕುಲಪತಿಗೆ 2000ದ ಕಾಯ್ದೆಯಂತೆ ನಾಲ್ಕು ವರ್ಷಗಳ ಅವಧಿ ಇದೆ. ಅಮೆರಿಕದಲ್ಲಿ ಅಧ್ಯಕ್ಷರನ್ನು ನೇಮಿಸುವುದೂ ತೆಗೆಯುವುದೂ ಒಂದು ಆಡಳಿತ ಮಂಡಳಿ. ಅದರಲ್ಲಿ ಬಹುತೇಕರು ಉದ್ಯಮಿಗಳು, ವಕೀಲರು, ದಾನಿಗಳು, ಹಳೆಯ ವಿದ್ಯಾರ್ಥಿಗಳು. ಪಾಠ ಮಾಡುವವರು ಅಲ್ಲಿ ಅಪರೂಪ. ಮಂಡಳಿಯ ಬಹುಮತ ಒಂದು ಬೆಳಿಗ್ಗೆ ಮನಸ್ಸು ಬದಲಿಸಿದರೆ ಸಾಕು, ಅಧ್ಯಕ್ಷರು ಅಂದೇ ಮಾಜಿ.

ಹಾರ್ವರ್ಡ್‌ನ ಮೊದಲ ಅಧ್ಯಕ್ಷ ಹೆನ್ರಿ ಡನ್‌ಸ್ಟರ್‌ನ ಕಾಲದಿಂದಲೇ ಇದು ಶುರು. 1640ರಲ್ಲಿ ಹುದ್ದೆಗೆ ಬಂದ ಆತ ಬಡ ಕಾಲೇಜೊಂದನ್ನು ಕಷ್ಟಪಟ್ಟು ನಿಲ್ಲಿಸಿದ. ಹಸುಗೂಸುಗಳಿಗೆ ದೀಕ್ಷಾಸ್ನಾನ ಮಾಡಿಸುವುದು ತಪ್ಪು ಎಂದು ಬಹಿರಂಗವಾಗಿ ಹೇಳಿದ್ದಕ್ಕೆ 1654ರಲ್ಲಿ ರಾಜೀನಾಮೆ ಕೊಡಬೇಕಾಯಿತು. 1815ರಲ್ಲಿ ಡಾರ್ಟ್‌ಮತ್ ಕಾಲೇಜಿನ ಮಂಡಳಿ ಅಧ್ಯಕ್ಷ ಜಾನ್ ವೀಲಾಕ್‌ರನ್ನು ತೆಗೆಯಿತು. ಜಗಳ ಬೆಳೆದು, ನ್ಯೂ ಹ್ಯಾಂಪ್‌ಷೈರ್ ಸರ್ಕಾರ ಕಾಲೇಜನ್ನೇ ತನ್ನ ಹಿಡಿತಕ್ಕೆ ತೆಗೆದುಕೊಳ್ಳಲು ಹೋಯಿತು. 1819ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಂಡಳಿಯ ಪರ ತೀರ್ಪು ಕೊಟ್ಟಿತು. ಖಾಸಗಿ ಕಾಲೇಜುಗಳು ಸರ್ಕಾರದ ಕೈಯಿಂದ ಉಳಿದವು, ಅದರ ಜೊತೆಗೆ ಮಂಡಳಿಗಳ ಅಧಿಕಾರವೂ ಗಟ್ಟಿಯಾಯಿತು.

ನಂತರ ದೈತ್ಯರ ಕಾಲವೊಂದು ಬಂತು. ಚಾರ್ಲ್ಸ್ ಎಲಿಯಟ್ 1869ರಿಂದ 40 ವರ್ಷ ಹಾರ್ವರ್ಡ್ ಆಳಿದರು, ನಿಕೊಲಸ್ ಮರ್ರೆ ಬಟ್ಲರ್ 1902ರಿಂದ 1945ರವರೆಗೆ ಕೊಲಂಬಿಯಾವನ್ನು. ಆದರೆ ಅದೇ ಕಾಲದಲ್ಲಿ ಪ್ರಾಧ್ಯಾಪಕರು ಸಂಘಟಿತರಾದರು. 1915ರಲ್ಲಿ ಅವರ ರಾಷ್ಟ್ರೀಯ ಸಂಘ ಹುಟ್ಟಿತು. 1940ರ ಒಪ್ಪಂದವು ಕಾಯಂ ಆದ ಪ್ರಾಧ್ಯಾಪಕನನ್ನು ಅಭಿಪ್ರಾಯದ ಕಾರಣಕ್ಕೆ ತೆಗೆಯಬಾರದು ಎಂಬ ತತ್ವವನ್ನು ನೆಲೆಗೊಳಿಸಿತು. ಆ ರಕ್ಷಣೆ ಪಾಠ ಹೇಳುವವರಿಗೆ ಮಾತ್ರ, ಅಧ್ಯಕ್ಷರ ಕುರ್ಚಿಗೆ ಅದು ಅನ್ವಯಿಸಲಿಲ್ಲ. ಇದರ ಅರ್ಥವೇನು ಎಂಬುದನ್ನು ಕ್ಲಾರ್ಕ್ ಕೆರ್ ಅವರ ಬದುಕಿನಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಕೆರ್ 1911ರಲ್ಲಿ ಪೆನ್ಸಿಲ್ವೇನಿಯಾದ ಒಕ್ಕಲು ಮನೆತನದಲ್ಲಿ ಹುಟ್ಟಿದರು. ತಾಯಿ ಆರನೆಯ ತರಗತಿಗೆ ಓದು ಬಿಟ್ಟವರು. ಮಕ್ಕಳ ಕಾಲೇಜಿಗೆ ಹಣ ಕೂಡಿಡುವವರೆಗೆ ಮದುವೆಯಾಗುವುದಿಲ್ಲ ಎಂದು ನಿಶ್ಚಯಿಸಿದ್ದ ಹೆಣ್ಣುಮಗಳು ಅವರು. ಕೆರ್ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಓದುವಾಗ ಶಾಂತಿವಾದಿ ಕ್ವೇಕರ್ ಪಂಥಕ್ಕೆ ಸೇರಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಅರ್ಥಶಾಸ್ತ್ರದ ಪಿಎಚ್‌.ಡಿ. ಮಾಡಿ 1945ರಲ್ಲಿ ಅಲ್ಲಿಯೇ ಪ್ರಾಧ್ಯಾಪಕರಾದರು. ಕಾರ್ಮಿಕ ವಿವಾದಗಳಲ್ಲಿ ಮಧ್ಯಸ್ಥಗಾರರಾಗಿ ಹೆಸರು ಮಾಡಿದರು. ಮಾಲೀಕ, ಕಾರ್ಮಿಕ ಇಬ್ಬರನ್ನೂ ಒಂದೇ ಮೇಜಿನ ಬಳಿ ಕೂರಿಸಿ ಮಾತು ಮುಗಿಸುವುದು ಅವರ ಕಸುಬು.

ಅವರನ್ನು ಆಡಳಿತಕ್ಕೆ ತಂದದ್ದು ಒಂದು ಅನ್ಯಾಯ. 1949ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೀಜೆಂಟರ ಮಂಡಳಿ (ಅಲ್ಲಿನ ಆಡಳಿತ ಮಂಡಳಿಯ ಹೆಸರು ಅದು), ತಾನು ಕಮ್ಯುನಿಸ್ಟ್ ಅಲ್ಲ ಎಂದು ಪ್ರತಿಯೊಬ್ಬ ಪ್ರಾಧ್ಯಾಪಕನೂ ಪ್ರಮಾಣ ಮಾಡಬೇಕೆಂದು ಕಟ್ಟಪ್ಪಣೆ ಹೊರಡಿಸಿತು. ಸಹಿ ಹಾಕದ 31 ಬೋಧಕರನ್ನು 1950ರಲ್ಲಿ ಮನೆಗೆ ಕಳಿಸಿತು. ಅವರಲ್ಲಿ ಯಾರ ಮೇಲೂ ಕಮ್ಯುನಿಸ್ಟ್ ಎಂಬ ಆರೋಪ ಸಾಬೀತಾಗಿರಲಿಲ್ಲ. ಕೆರ್ ತಾವು ಸಹಿ ಹಾಕಿದ್ದರು, ಆದರೆ ಹಾಕದವರ ಪರವಾಗಿ ಬೋಧಕರ ಸಮಿತಿಯಲ್ಲಿಯೂ ರೀಜೆಂಟರ ಮುಂದೆಯೂ ನಿಂತು ಮಾತಾಡಿದರು. ಆ ಧೈರ್ಯವನ್ನು ಸಹೋದ್ಯೋಗಿಗಳು ಮರೆಯಲಿಲ್ಲ. 1952ರಲ್ಲಿ ಬರ್ಕ್ಲಿ ಆವರಣಕ್ಕೆ ಮೊದಲ ಬಾರಿಗೆ ಚಾನ್ಸಲರ್ ಹುದ್ದೆ ಬಂದಾಗ ಬೋಧಕರ ಒಲವು ಅವರ ಕಡೆಗಿತ್ತು, ಹುದ್ದೆ ಅವರಿಗೇ ಬಂತು. ಆ ರಾಜ್ಯದಲ್ಲಿ ಒಂದೊಂದು ಆವರಣದ ಮುಖ್ಯಸ್ಥ ಚಾನ್ಸಲರ್, ಇಡೀ ವ್ಯವಸ್ಥೆಗೆ ಒಬ್ಬರೇ ಅಧ್ಯಕ್ಷರು. 1958ರಲ್ಲಿ ಕೆರ್ ಆ ಅಧ್ಯಕ್ಷರಾದರು.

ಅವರ ಅತಿ ದೊಡ್ಡ ಕೆಲಸ 1960ರ ಮಹಾಯೋಜನೆ. ಯುದ್ಧಾನಂತರ ಹುಟ್ಟಿದ ಮಕ್ಕಳ ಅಲೆ ಕಾಲೇಜುಗಳ ಬಾಗಿಲಿಗೆ ಬರುವುದರಲ್ಲಿತ್ತು. ರಾಜ್ಯದ ಕಾಲೇಜುಗಳು ಹಣಕ್ಕೂ ಪ್ರತಿಷ್ಠೆಗೂ ಒಂದರ ಮೇಲೊಂದು ಬಿದ್ದು ಹೊಡೆದಾಡುತ್ತಿದ್ದವು. ಮಧ್ಯಸ್ಥಿಕೆಯ ಪಟ್ಟುಗಳನ್ನೆಲ್ಲ ಬಳಸಿ ಕೆರ್ ಎಲ್ಲರನ್ನೂ ಒಂದು ಸೂತ್ರಕ್ಕೆ ಒಪ್ಪಿಸಿದರು. ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಸಂಶೋಧನಾ ವಿಶ್ವವಿದ್ಯಾಲಯ, ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯ ಕಾಲೇಜುಗಳು, ಉಳಿದ ಎಲ್ಲರಿಗೂ ಊರೂರಿನ ಎರಡು ವರ್ಷದ ಕಾಲೇಜುಗಳು. ಅಲ್ಲಿ ಚೆನ್ನಾಗಿ ಓದಿದವರು ಮೇಲಿನ ಹಂತಕ್ಕೆ ದಾಟಿಕೊಳ್ಳಬಹುದು. ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕವಿಲ್ಲ. ಗವರ್ನರ್ ಪ್ಯಾಟ್ ಬ್ರೌನ್ ಅದೇ ವರ್ಷ ಇದನ್ನು ಕಾನೂನಾಗಿಸಿದರು. ರೈತನ ಮಗಳಿಗೂ ಕೂಲಿಕಾರನ ಮಗನಿಗೂ ನಿನಗೊಂದು ಜಾಗವಿದೆ ಎಂದು ಸರ್ಕಾರವೊಂದು ಬರವಣಿಗೆಯಲ್ಲಿ ಕೊಟ್ಟ ಮಾತು ಅದು. ಅಂಥ ಮಾತನ್ನು ಆ ಪ್ರಮಾಣದಲ್ಲಿ ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ಕೆರ್ ಕಾಲದಲ್ಲಿ ಸ್ಯಾನ್ ಡಿಯಾಗೊ, ಅರ್ವೈನ್, ಸಾಂತಾ ಕ್ರೂಸ್ ಎಂಬ ಮೂರು ಹೊಸ ಆವರಣಗಳು ಎದ್ದವು. ಐಐಟಿ ಖರಗ್‌ಪುರದಲ್ಲಿ ಓದಿದ ಪ್ರದೀಪ್ ಖೋಸ್ಲಾ 2012ರಲ್ಲಿ ಚಾನ್ಸಲರ್ ಆದದ್ದು ಈ ಸ್ಯಾನ್ ಡಿಯಾಗೊ ಆವರಣಕ್ಕೇ.

1963ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಕೆರ್, ಆಧುನಿಕ ವಿಶ್ವವಿದ್ಯಾಲಯವು ಒಂದೇ ಸಮುದಾಯವಲ್ಲ, ಹಲವು ಸಮುದಾಯಗಳ ನಗರ, ಅಧ್ಯಕ್ಷ ಮುಖ್ಯವಾಗಿ ಮಧ್ಯಸ್ಥ ಎಂದು ವಿವರಿಸಿದರು. ಅದರಲ್ಲಿ ಒಂದು ಎಚ್ಚರಿಕೆಯೂ ಇತ್ತು: ಪ್ರಾಧ್ಯಾಪಕರು ಸಂಶೋಧನೆಗೆ ವಾಲಿ, ಪದವಿ ವಿದ್ಯಾರ್ಥಿಗಳು ಕಡೆಗಣನೆಗೆ ಒಳಗಾಗುತ್ತಿದ್ದಾರೆ, ಅವರು ದಂಗೆ ಏಳಬಹುದು. ಇಷ್ಟು ಕಂಡವರು ಮರುವರ್ಷ ತಮ್ಮದೇ ಅಂಗಳದಲ್ಲಿ ಎದ್ದ ದಂಗೆಯನ್ನು ಅರ್ಥಮಾಡಿಕೊಳ್ಳಲಿಲ್ಲ.

1964ರ ಸೆಪ್ಟೆಂಬರ್‌ನಲ್ಲಿ ಬರ್ಕ್ಲಿ ಆವರಣದ ಆಡಳಿತ, ಆವರಣದ ಅಂಚಿನ ಕಾಲುದಾರಿಯಲ್ಲಿ ವಿದ್ಯಾರ್ಥಿಗಳು ರಾಜಕೀಯ ಕರಪತ್ರಗಳ ಮೇಜು ಇಡುವುದನ್ನು ನಿಷೇಧಿಸಿತು. ಆ ಹುಡುಗರಲ್ಲಿ ಹಲವರು ಕರಿಯರ ಹಕ್ಕಿನ ಹೋರಾಟದಲ್ಲಿದ್ದವರು. ಅವರ ಮುಂದಾಳು ಮಾರಿಯೊ ಸಾವಿಯೊ ಆ ಬೇಸಿಗೆಯನ್ನು ಮಿಸಿಸಿಪಿಯಲ್ಲಿ ಮತದಾರರ ನೋಂದಣಿಗೆ ದುಡಿದು ಕಳೆದಿದ್ದ. ಅಕ್ಟೋಬರ್ 1ರಂದು ಪೊಲೀಸರು ಜಾಕ್ ವೈನ್‌ಬರ್ಗ್ ಎಂಬ ಕಾರ್ಯಕರ್ತನನ್ನು ಬಂಧಿಸಿದಾಗ ವಿದ್ಯಾರ್ಥಿಗಳು ಪೊಲೀಸ್ ಕಾರನ್ನೇ ಸುತ್ತುವರಿದು ಕುಳಿತು, 32 ಗಂಟೆ ಅಲುಗಾಡಲು ಬಿಡಲಿಲ್ಲ. ಕೆರ್ ಸಂಧಾನ ಮಾಡಿ ಆ ರಾತ್ರಿ ರಕ್ತಪಾತ ತಪ್ಪಿಸಿದರು. ಆದರೆ ಮೂಲ ನಿಷೇಧ ತಪ್ಪೆಂದು ತಮಗೇ ಅನಿಸಿದ್ದರೂ ಅದನ್ನು ಆರಂಭದಲ್ಲೇ ರದ್ದು ಮಾಡಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ವೃತ್ತಿಜೀವನದ ದೊಡ್ಡ ಸೋಲು ಇದೇ. ಸಂಬಳ, ಕೆಲಸದ ಗಂಟೆ ಇಂಥವುಗಳ ಮೇಲೆ ರಾಜಿ ಮಾಡಿಸಬಹುದು, ಮಾತಾಡುವ ಹಕ್ಕಿನಲ್ಲಿ ಅರ್ಧ ಕೊಟ್ಟು ಅರ್ಧ ಉಳಿಸಿಕೊಳ್ಳಲು ಬರುವುದಿಲ್ಲ. ಡಿಸೆಂಬರ್‌ನಲ್ಲಿ ಆಡಳಿತ ಭವನಕ್ಕೆ ನುಗ್ಗಿ ಕುಳಿತವರಲ್ಲಿ ಸುಮಾರು 800 ಮಂದಿಯ ಬಂಧನವಾಯಿತು. ಡಿಸೆಂಬರ್ 8ರಂದು ಬೋಧಕರ ಸಭೆ 824-115 ಮತಗಳಿಂದ ವಿದ್ಯಾರ್ಥಿಗಳ ಬೇಡಿಕೆಯನ್ನು ಬೆಂಬಲಿಸಿತು.

ವಿದ್ಯಾರ್ಥಿಗಳ ಕಣ್ಣಿಗೆ ಕೆರ್ ಮನುಷ್ಯರನ್ನು ಲೆಕ್ಕಿಸದ ಯಂತ್ರವೊಂದರ ಮುಖ್ಯಸ್ಥ, ಬಲಪಂಥೀಯರಿಗೆ ಮೆತ್ತಗಿನ ಮನುಷ್ಯ. 1966ರ ಚುನಾವಣೆಯಲ್ಲಿ ರೊನಾಲ್ಡ್ ರೇಗನ್ ಬರ್ಕ್ಲಿಯ ಗೊಂದಲವನ್ನು ಗುಡಿಸಿ ಹಾಕುತ್ತೇನೆಂದು ಊರೂರು ಸುತ್ತಿ ಗವರ್ನರ್ ಆದರು. ಬಂದ ಕೂಡಲೇ ವಿಶ್ವವಿದ್ಯಾಲಯದ ಅನುದಾನ ಕಡಿತ, ಬೋಧನಾ ಶುಲ್ಕ ಎರಡನ್ನೂ ಮುಂದಿಟ್ಟರು. ಕೆರ್ ಎರಡನ್ನೂ ವಿರೋಧಿಸಿದರು. ಗವರ್ನರ್ ಹುದ್ದೆಯ ಬಲದಿಂದ ರೀಜೆಂಟರ ಮಂಡಳಿಯ ಸದಸ್ಯರೂ ಆಗಿರುತ್ತಾರೆ. 1967ರ ಜನವರಿ 20ರಂದು, ರೇಗನ್ ಅಧಿಕಾರ ವಹಿಸಿಕೊಂಡು ಮೂರು ವಾರವೂ ಆಗಿರದಾಗ, ಮಂಡಳಿ 14-8 ಮತಗಳಿಂದ ಕೆರ್ ಅವರನ್ನು ಆ ಕ್ಷಣದಿಂದಲೇ ವಜಾ ಮಾಡಿತು. ರಾಜೀನಾಮೆ ಕೊಡಿ ಎಂದು ಕೇಳಿದ್ದಕ್ಕೆ ಅವರು ಒಪ್ಪಿರಲಿಲ್ಲ.

ಹಾಗಾದರೆ ತೆಗೆದದ್ದು ರೇಗನ್ನೇ? ಪೂರ್ತಿ ಹೌದೆನ್ನಲಾಗದು. ಮಂಡಳಿಯೊಳಗೆ ಕೆರ್ ವಿರೋಧಿಗಳು ಮೊದಲಿನಿಂದ ಇದ್ದರು. 2002ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆ ಹೊರತಂದ, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಕಡತಗಳು ಇನ್ನೊಂದು ಪದರ ತೆರೆದವು. ಜೆ. ಎಡ್ಗರ್ ಹೂವರ್ ಮುಖ್ಯಸ್ಥನಾಗಿದ್ದ ಆ ಸಂಸ್ಥೆ ಕೆರ್ ವಿರುದ್ಧ ವರ್ಷಗಟ್ಟಲೆ ಕೆಲಸ ಮಾಡಿತ್ತು, ರೀಜೆಂಟ್ ಎಡ್ವಿನ್ ಪೌಲಿಗೆ ಗುಟ್ಟಾಗಿ ಮಾಹಿತಿ ಒದಗಿಸಿತ್ತು. ದೇಶದ ಅಧ್ಯಕ್ಷ ಲಿಂಡನ್ ಜಾನ್ಸನ್, ಕೆರ್ ಅವರನ್ನು ಸಚಿವರನ್ನಾಗಿ ಮಾಡಲು ಯೋಚಿಸಿದಾಗ, ಹಿನ್ನೆಲೆ ತಪಾಸಣೆಯ ವರದಿಯಲ್ಲಿ ಸುಳ್ಳೆಂದು ತನಗೇ ತಿಳಿದಿದ್ದ ಆರೋಪಗಳನ್ನು ಸೇರಿಸಿ ಕಳಿಸಿತ್ತು. ಪ್ರಮಾಣ ಮಾಡದ ಪ್ರಾಧ್ಯಾಪಕರಿಗಾಗಿ ದನಿ ಎತ್ತಿದ ವ್ಯಕ್ತಿಯ ಮೇಲೆ ಪ್ರಜಾಪ್ರಭುತ್ವವೊಂದರ ಪೊಲೀಸ್ ಇಲಾಖೆ ಹೀಗೆ ಹಗೆ ಸಾಧಿಸಿತು ಎಂಬುದನ್ನು ಓದುವಾಗ ಇಂದಿಗೂ ಸಿಟ್ಟು ಬರುತ್ತದೆ.

ಅಧ್ಯಕ್ಷಗಿರಿ ಹೋದರೂ ಕೆರ್ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿ ಉಳಿದರು. ಅದನ್ನು ಕಿತ್ತುಕೊಳ್ಳುವ ಅಧಿಕಾರ ಆ ಸಭೆಗೆ ಇರಲಿಲ್ಲ. ಇಂದಿಗೂ ಅಮೆರಿಕದ ವಿಶ್ವವಿದ್ಯಾಲಯಗಳ ಅಧ್ಯಕ್ಷರಲ್ಲಿ ಅನೇಕರು ಏರುವುದು ಅದೇ ಏಣಿಯಲ್ಲಿ: ಪ್ರಾಧ್ಯಾಪಕ, ವಿಭಾಗದ ಮುಖ್ಯಸ್ಥ, ಡೀನ್, ಪ್ರೊವೋಸ್ಟ್ (ಶೈಕ್ಷಣಿಕ ಆಡಳಿತದ ಮುಖ್ಯಸ್ಥ), ಆಮೇಲೆ ಮೇಲಿನ ಕುರ್ಚಿ. ಬೆಂಗಳೂರು ವಿಶ್ವವಿದ್ಯಾಲಯದ ಪದವೀಧರ, ಭೌತವಿಜ್ಞಾನಿ ಕುಂಬ್ಳೆ ಸುಬ್ಬಸ್ವಾಮಿ ಹೀಗೆಯೇ ಮೆಟ್ಟಿಲೇರಿ, 2012ರಿಂದ 2023ರವರೆಗೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಆವರಣದ ಚಾನ್ಸಲರ್ ಆಗಿದ್ದರು. ಹನ್ನೊಂದು ವರ್ಷ ಈಗ ಅಪರೂಪ. ಅಮೆರಿಕನ್ ಶಿಕ್ಷಣ ಮಂಡಳಿಯ ಸಮೀಕ್ಷೆಗಳ ಪ್ರಕಾರ ಅಧ್ಯಕ್ಷರು ಹುದ್ದೆಯಲ್ಲಿ ಕಳೆದಿರುವ ಸರಾಸರಿ ಅವಧಿ 2006ರಲ್ಲಿ 8.5 ವರ್ಷವಿದ್ದದ್ದು 2022ಕ್ಕೆ 5.9ಕ್ಕೆ ಇಳಿದಿದೆ.

ವಜಾ ಆದ ನಂತರ ಕೆರ್ ಉನ್ನತ ಶಿಕ್ಷಣದ ಕಾರ್ನೆಗಿ ಆಯೋಗದ ನೇತೃತ್ವ ವಹಿಸಿದರು. ಸಹಾಯಧನವನ್ನು ಬಡ ವಿದ್ಯಾರ್ಥಿಯ ಕೈಗೇ ತಲುಪಿಸಬೇಕೆಂದು ಆಯೋಗ ಒತ್ತಾಯಿಸಿತು. 1972ರ ಕಾನೂನು ಅದೇ ಹಾದಿ ಹಿಡಿದು, ಇಂದು ಪೆಲ್ ಅನುದಾನ ಎಂದು ಕರೆಯುವ ಯೋಜನೆ ಹುಟ್ಟಿತು. ಅತ್ತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1970ರಲ್ಲಿ ಶೈಕ್ಷಣಿಕ ಶುಲ್ಕ ಎಂಬ ಹೆಸರಿನಲ್ಲಿ ಮೊದಲ ದೊಡ್ಡ ವಸೂಲಿ ಆರಂಭಿಸಿತು. ಈಗ ಅಲ್ಲಿ ರಾಜ್ಯದ ವಿದ್ಯಾರ್ಥಿಗಳಿಗೂ ಶುಲ್ಕ ವರ್ಷಕ್ಕೆ 13,000 ಡಾಲರ್‌ಗಿಂತ ಹೆಚ್ಚು. ಅಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಓದುತ್ತಿರುವುದು ಪೆಲ್ ಅನುದಾನದ ಬೆಂಬಲದಿಂದ.