ಗೋಡೆ ಗೀಚಿನಲ್ಲಿ ಅಡಗಿದ ಕಬುಕಿ ನಟರು

1842ರಲ್ಲಿ ಜಪಾನಿನ ಶೋಗನ್ (ಸೇನಾಧಿಪತಿ) ಸರ್ಕಾರ ಕಬುಕಿ ಎಂಬ ಜನಪ್ರಿಯ ನಾಟಕದ ನಟರ ಚಿತ್ರಗಳನ್ನು ಅಚ್ಚು ಹಾಕಬಾರದು ಎಂದು ಆಜ್ಞೆ ಮಾಡಿತು. ಎದೊ ನಗರದ (ಇಂದಿನ ಟೋಕಿಯೊ) ಅಚ್ಚಿನ ಅಂಗಡಿಗಳಿಗೆ ಇದು ದೊಡ್ಡ ಪೆಟ್ಟು. ಮರದ ಅಚ್ಚಿನಲ್ಲಿ ಮುದ್ರಿಸಿದ ನಟರ ಚಿತ್ರಗಳು ಅಗ್ಗವಾಗಿದ್ದವು, ಸಾಮಾನ್ಯ ಜನರೂ ಕೊಳ್ಳುತ್ತಿದ್ದರು.

ಆಜ್ಞೆಯ ಹಿಂದೆ 1830ರ ದಶಕದ ಭೀಕರ ಬರವಿತ್ತು. ಮಂತ್ರಿ ಮಿಜುನೊ ತದಕುನಿ ಎಲ್ಲ ಕಡೆ ದುಂದುವೆಚ್ಚಕ್ಕೆ ಕಡಿವಾಣ ಹಾಕಲು ಹೊರಟ. ಮೆರೆಯುವ ನಟರು ಅವನ ಕಣ್ಣಿಗೆ ಬಿದ್ದರು. ನಾಟಕಶಾಲೆಗಳನ್ನು ಊರಾಚೆಯ ಅಸಾಕುಸಾ ಕಡೆಗೆ ಸಾಗಿಸಿದರು. ಐಷಾರಾಮದ ಬದುಕು ನಡೆಸಿದ ತಪ್ಪಿಗೆ ಏಳನೇ ಇಚಿಕಾವಾ ದಂಜೂರೊನನ್ನು (ಇದು ತಲೆಮಾರಿನಿಂದ ತಲೆಮಾರಿಗೆ ಬರುವ ರಂಗದ ಹೆಸರು) ಎದೊದಿಂದಲೇ ಹೊರಹಾಕಿದರು. ಅವನು ಆ ಕಾಲದ ಅತಿ ದೊಡ್ಡ ನಟ!

ಆದರೆ ಸರ್ಕಾರ ಒಂದನ್ನು ಮರೆತಿತ್ತು. 18ನೇ ಶತಮಾನದಲ್ಲಿ ಕತ್ಸುಕಾವಾ ಶುನ್ಶೊನಂಥವರು ನಟರ ಚಿತ್ರ ಬರೆಯುವ ರೀತಿಯನ್ನೇ ಬದಲಿಸಿದ್ದರು. ಒಬ್ಬೊಬ್ಬ ನಟನನ್ನೂ ಅವನದೇ ಮೂಗು, ದವಡೆ, ಕಣ್ಣಿನೊಂದಿಗೆ ತೋರಿಸಿದ್ದರು. ಹೆಸರು ಬರೆಯದಿದ್ದರೂ ಇದು ಯಾರು ಅಂತ ಅಭಿಮಾನಿಗಳಿಗೆ ಗೊತ್ತಾಗುತ್ತಿತ್ತು.

ಅಚ್ಚಿನ ಚಿತ್ರಗಳ ಕಲಾವಿದ ಉತಾಗಾವಾ ಕುನಿಯೋಶಿ ಇದನ್ನೇ ಬಳಸಿಕೊಂಡ. ಅವನಿಗೆ ಬೆಕ್ಕೆಂದರೆ ಪ್ರಾಣ. ಬೆಕ್ಕು, ಆಮೆಗಳಿಗೆ ನಟರ ಮುಖ ಅಂಟಿಸಿ ಬರೆದ. 1848ರ ಸುಮಾರಿಗೆ ಬಂದ ಗೋಡೆ ಗೀಚಿನ ಚಿತ್ರಗಳು ನನಗೆ ಎಲ್ಲಕ್ಕಿಂತ ಇಷ್ಟ. ಉಗ್ರಾಣದ ಗೋಡೆಯ ಮೇಲೆ ಯಾರೋ ಪೋಲಿ ಹುಡುಗ ಮೊಳೆಯಿಂದ ಗೀಚಿದಂತಿರುವ ಸೊಟ್ಟ ಗೆರೆಗಳು. ನಡುವೆ ತಲೆಗೆ ಬಟ್ಟೆ ಸುತ್ತಿಕೊಂಡು ಕುಣಿಯುವ ಬೆಕ್ಕು. ಸುಮ್ನೆ ನೋಡಿದರೆ ಮಕ್ಕಳಾಟ. ಹತ್ತಿರ ಹೋದರೆ ಒಂದೊಂದು ಮುಖವೂ ಆಗಿನ ಒಬ್ಬ ನಟ. ಎಷ್ಟು ಕಡಿಮೆ ಗೆರೆಯಲ್ಲಿ ಎಷ್ಟು ಸ್ಪಷ್ಟ ಹೋಲಿಕೆ! ಅಷ್ಟು ಪಳಗಿದ ಕೈ ಬೇಕೆಂದೇ ಒರಟಾಗಿ ಬರೆಯುವುದು ಸುಲಭವಲ್ಲ. ಯುರೋಪಿನಲ್ಲಿ ಅದೇ ಕಾಲದ ವ್ಯಂಗ್ಯಚಿತ್ರಗಳು ಲಿಸ್ಟ್, ಪಗನಿನಿಯಂಥ ಸಂಗೀತಗಾರರನ್ನು ಗೇಲಿ ಮಾಡುತ್ತಿದ್ದವು. ಇಲ್ಲಿ ಹಾಸ್ಯ ನಟರ ಮೇಲಲ್ಲ, ಅವರ ಪರ ಅಂತ ನನಗನ್ನಿಸುತ್ತದೆ. ಅದು ಅವರಿಗೆ ಮರೆ ಕೊಟ್ಟಿತು.

ಮಿಜುನೊ 1843ರಲ್ಲೇ ಅಧಿಕಾರ ಕಳೆದುಕೊಂಡಿದ್ದ. ನಿಷೇಧದ ಬಿಗಿ ನಿಧಾನವಾಗಿ ಸಡಿಲವಾಯಿತು. 1840ರ ದಶಕದ ಕೊನೆಗೆ ನಟರ ಚಿತ್ರಗಳು ಮತ್ತೆ ಅಂಗಡಿಗೆ ಬಂದವು. ಆದರೂ ಎಷ್ಟೋ ಚಿತ್ರಗಳಲ್ಲಿ ಪಾತ್ರದ ಹೆಸರಷ್ಟೇ ಇರುತ್ತಿತ್ತು, ನಟನ ಹೆಸರು ಇರುತ್ತಿರಲಿಲ್ಲ.

1854ರಲ್ಲಿ ಎಂಟನೇ ದಂಜೂರೊ ಒಸಾಕಾದಲ್ಲಿ ಆತ್ಮಹತ್ಯೆ ಮಾಡಿಕೊಂಡ. ಗಡಿಪಾರಾಗಿದ್ದ ನಟನ ಮಗ ಅವನು, ಹೆಂಗಸರ ಕಣ್ಮಣಿ. ಅವನ ನೆನಪಿಗೆ ನೂರಕ್ಕೂ ಹೆಚ್ಚು ಬಗೆಯ ಚಿತ್ರಗಳು ಬಂದವು. ಕೆಲವು ನಗೆ ಬರಿಸುವಂಥವು. ಒಂದರಲ್ಲಿ ಅವನು ಮಹಾಪರಿನಿರ್ವಾಣದ ಬುದ್ಧನಂತೆ ಮಲಗಿದ್ದಾನೆ, ಸುತ್ತ ಹೆಂಗಸರು ಗೋಳಾಡುತ್ತಿದ್ದಾರೆ. ಇಂಥ ಚಿತ್ರಗಳಲ್ಲಿ ಹಲವಕ್ಕೆ ಕಲಾವಿದನ ಸಹಿಯೂ ಇಲ್ಲ, ಸರ್ಕಾರದ ಒಪ್ಪಿಗೆ ಮುದ್ರೆಯೂ ಇಲ್ಲ.