ಪ್ರೀತಿ, ಕೊಲೆ ಮತ್ತು ಯಾರೂ ಜೋಡಿಸದ ಫೈಲುಗಳು

ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಗೆ ಪತ್ತೇದಾರಿ ಕಾದಂಬರಿ ಹೊಸದೇನಲ್ಲ. ಆದರೆ ಈಗಿನ ಕಾಲೇಜು ಹುಡುಗ ಹುಡುಗಿಯರು ಮೊಬೈಲಿನಲ್ಲಿ ಓದುವ ಇಂಗ್ಲಿಷ್ ಕಾದಂಬರಿಗಳಲ್ಲಿ ಒಂದು ಬಗೆ ಎದ್ದು ಕಾಣುತ್ತದೆ. ಅದರಲ್ಲಿ ಒಬ್ಬ ಸರಣಿ ಹಂತಕ ಇರುತ್ತಾನೆ. ಅವನನ್ನು ಹುಡುಕಲು ಒಬ್ಬ ಪ್ರೊಫೈಲರ್ ಬರುತ್ತಾನೆ, ಅಥವಾ ಬರುತ್ತಾಳೆ. ಕೊಲೆ ನಡೆದ ಜಾಗ, ಶವ ಬಿದ್ದ ರೀತಿ, ಸತ್ತವರ ಬದುಕು ಎಲ್ಲ ನೋಡಿ ಕೊಲೆಗಾರ ಎಂಥವನಿರಬಹುದು ಎಂದು ಹೇಳುವುದೇ ಈ ಅಧಿಕಾರಿಯ ಕೆಲಸ. ತನಿಖೆ ನಡೆಯುತ್ತಿರುವಾಗಲೇ ಪ್ರೀತಿ ಹುಟ್ಟುತ್ತದೆ. ಕೊನೆಗೆ ಹಂತಕನ ಕಣ್ಣು ಆ ಪ್ರೀತಿಯ ಮೇಲೇ ಬೀಳುತ್ತದೆ.

ಪ್ರೀತಿ, ಸರಣಿ ಕೊಲೆ, ಮನಸ್ಸು ಓದುವ ಪೊಲೀಸ್. ಈ ಮೂರೂ ಒಂದೇ ಪುಸ್ತಕಕ್ಕೆ ಬಂದಿದ್ದು ಹೇಗೆ? ಹಾಸನದವರಿಗೆ ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. 2009ರಲ್ಲಿ ಇಂಥದ್ದೇ ಒಂದು ಕತೆ ನಮ್ಮ ಬಸ್ ನಿಲ್ದಾಣದಲ್ಲಿ ನಿಜವಾಗಿ ನಡೆದಿದೆ.

ಮೊದಲು ಪ್ರೀತಿಯ ಕಡೆ ನೋಡೋಣ. ಇಂಗ್ಲೆಂಡಿನ ಆನ್ ರಾಡ್‌ಕ್ಲಿಫ್ 1794ರಲ್ಲೇ ಹಾಳು ಕೋಟೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಕತೆ ಬರೆದರು. 1938ರ 'ರೆಬೆಕ್ಕಾ'ದಲ್ಲಿ ದಾಫ್ನಿ ದು ಮಾರಿಯೇ ಅದನ್ನು ಇನ್ನೂ ಹತ್ತಿರಕ್ಕೆ ತಂದರು. ದೊಡ್ಡ ಮನೆ, ಹೊಸ ಹೆಂಡತಿ, ಮೊದಲ ಹೆಂಡತಿಯ ಸಾವಿನ ಗುಟ್ಟು. ಈ ಕತೆಗಳ ಒಳಗೆಲ್ಲ ಒಂದೇ ಭಯ ಇದೆ. ನಾನು ನಂಬಿ ಬಂದ ಗಂಡಸು ನಿಜಕ್ಕೂ ಯಾರು? ಮದುವೆಯಾಗಿ ಗೊತ್ತಿಲ್ಲದ ಮನೆಗೆ ಹೋಗುವ ಹೆಣ್ಣಿಗೆ ಈ ಭಯ ಯಾವ ದೇಶದಲ್ಲೂ ಇದ್ದದ್ದೇ. ಹಾಗಾಗಿ ಈ ಬಗೆಯ ಕತೆ ಸಾಯಲಿಲ್ಲ.

ಪ್ರೊಫೈಲರ್ ಬಂದಿದ್ದು ಬೇರೆ ದಾರಿಯಿಂದ. 1888ರಲ್ಲಿ ಲಂಡನ್ನಿನಲ್ಲಿ ಜ್ಯಾಕ್ ದಿ ರಿಪ್ಪರ್ ಎಂದು ಜನ ಕರೆದ ಹಂತಕನ ಕೊಲೆಗಳಾದಾಗ ಡಾ. ಥಾಮಸ್ ಬಾಂಡ್ ಎಂಬ ವೈದ್ಯರು ಕೊಲೆಗಾರ ಎಂಥವನಿರಬಹುದೆಂದು ಪೊಲೀಸರಿಗೆ ಬರೆದುಕೊಟ್ಟರು. ಅವನು ಸಿಗಲೇ ಇಲ್ಲ. ಹೆಚ್ಚು ಹೆಸರಾದದ್ದು 1956ರ ನ್ಯೂಯಾರ್ಕ್ ಪ್ರಕರಣ. 1940ರಿಂದ ಅಲ್ಲಲ್ಲಿ ಬಾಂಬ್ ಇಡುತ್ತಿದ್ದವನನ್ನು ಹಿಡಿಯಲು ಪೊಲೀಸರು ಮನೋವೈದ್ಯ ಜೇಮ್ಸ್ ಬ್ರಸೆಲ್ ಅವರ ಬಳಿ ಹೋದರು. ಅವರು ಹೇಳಿದ್ದರಲ್ಲಿ ಒಂದು ಮಾತು ಎಲ್ಲರಿಗೂ ನೆನಪಿದೆ. ಹಿಡಿಯುವಾಗ ಆತ ಡಬಲ್ ಬ್ರೆಸ್ಟೆಡ್ ಕೋಟು ಹಾಕಿ ಗುಂಡಿ ಬಿಗಿದಿರುತ್ತಾನೆ ಎಂದಿದ್ದರಂತೆ. 1957ರ ಜನವರಿಯಲ್ಲಿ ಜಾರ್ಜ್ ಮೆಟೆಸ್ಕಿ ಸಿಕ್ಕಿಬಿದ್ದ. ರಾತ್ರಿ ಉಡುಪು ಬದಲಿಸಿ ಹೊರಟಾಗ ಅಂಥದ್ದೇ ಕೋಟು ಹಾಕಿದ್ದ.

ಕಾದಂಬರಿಗೆ ಬೇಕಾಗಿದ್ದು ಈ ಕೋಟು. ಆದರೆ ಅವನ ಹೆಸರು ಸಿಕ್ಕಿದ್ದು ಎಲ್ಲಿ ಗೊತ್ತಾ? ಅವನು ಹಿಂದೆ ಕೆಲಸ ಮಾಡಿದ್ದ ವಿದ್ಯುತ್ ಕಂಪನಿಯ ಆಫೀಸಿನಲ್ಲಿ. ಅಲೀಸ್ ಕೆಲ್ಲಿ ಎಂಬ ಗುಮಾಸ್ತೆ ಹಳೆಯ ಪರಿಹಾರದ ಫೈಲುಗಳನ್ನು ಒಂದೊಂದಾಗಿ ಓದುತ್ತಿದ್ದರು. ಬಾಂಬರ್ ಪತ್ರಿಕೆಗೆ ಬರೆದ ಪತ್ರದಲ್ಲಿದ್ದ ಮಾತುಗಳು ಕೆಲಸ ಕಳೆದುಕೊಂಡ ಒಬ್ಬನ ಹಳೆಯ ದೂರಿನಲ್ಲೂ ಇದ್ದದ್ದು ಅವರ ಕಣ್ಣಿಗೆ ಬಿತ್ತು. ಬ್ರಸೆಲ್ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಕೆಲ್ಲಿ ಹೆಸರು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಇದು ನನಗೆ ತುಂಬ ಬೇಸರದ ವಿಷಯ, ಏಕೆಂದರೆ ಮುಂದೆಯೂ ಹೀಗೇ ಆಗುತ್ತ ಬಂದಿದೆ.

1972ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ, ಕ್ವಾಂಟಿಕೋದ ತನ್ನ ತರಬೇತಿ ಕೇಂದ್ರದಲ್ಲಿ ವರ್ತನಾ ವಿಜ್ಞಾನದ ವಿಭಾಗ ತೆರೆಯಿತು. ರಾಬರ್ಟ್ ರೆಸ್ಲರ್, ಜಾನ್ ಡಗ್ಲಾಸ್ ಜೈಲು ಜೈಲು ಅಲೆದು ಕೊಲೆಗಾರರನ್ನು ಮಾತಾಡಿಸಿದರು. 36 ಅಪರಾಧಿಗಳ ಸಂದರ್ಶನದ ಮೇಲೆ ಅವರ ಅಧ್ಯಯನ ನಿಂತಿತು. ಆ ಮಾತುಕತೆಗಳಿಗೆ ಅಧ್ಯಯನದ ರೂಪ ಕೊಟ್ಟವರಲ್ಲಿ ನರ್ಸಿಂಗ್ ಪ್ರಾಧ್ಯಾಪಕಿ ಆನ್ ಬರ್ಜೆಸ್ ಮುಖ್ಯರು. ಅತ್ಯಾಚಾರಕ್ಕೆ ಒಳಗಾದ ಮಹಿಳೆಯರ ಬಗ್ಗೆ ಆಗಲೇ ಕೆಲಸ ಮಾಡಿದ್ದ ಅವರು, ಸತ್ತವರ ಬದುಕನ್ನೂ ಓದಬೇಕೆಂಬ ದೃಷ್ಟಿ ತಂದರು. 1981ರಲ್ಲಿ ಥಾಮಸ್ ಹ್ಯಾರಿಸ್ ಇಂಥ ಪ್ರೊಫೈಲರ್ ಒಬ್ಬನ ಕಾದಂಬರಿ 'ರೆಡ್ ಡ್ರ್ಯಾಗನ್' ಬರೆದರು. 1991ರಲ್ಲಿ ಅವರ ಇನ್ನೊಂದು ಕಾದಂಬರಿಯಿಂದ ಆದ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' ಸಿನಿಮಾ ಜಗತ್ತೆಲ್ಲ ಓಡಿತು. ಅಲ್ಲಿಂದ ಮುಂದೆ ಪ್ರೇಮ ಕಾದಂಬರಿ ಬರೆಯುವವರಿಗೆ ಪ್ರೊಫೈಲರ್ ಒಳ್ಳೆಯ ನಾಯಕನಾದ. ನಾನು ನಂಬಿದವನು ಯಾರು ಎಂಬ ಹಳೆಯ ಭಯಕ್ಕೆ ಉತ್ತರ ಹೇಳಬಲ್ಲ ಮನುಷ್ಯ ಸಿಕ್ಕಿದ. ಗಂಡಸಿನ ಮನಸ್ಸು ಓದುವುದೇ ಅವನ ಉದ್ಯೋಗ. ಆ ನಾಯಕನ ಪಕ್ಕದಲ್ಲಿ ನಿಂತರೆ ಓದುಗರಿಗೂ ಧೈರ್ಯ.

ಈ ಧೈರ್ಯವನ್ನು ಅತಿಯಾಗಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ವಿಂಬಲ್ಡನ್ ಕಾಮನ್ ಎಂಬ ದೊಡ್ಡ ಬಯಲು ಸಾಕ್ಷಿ. 1992ರಲ್ಲಿ ಅಲ್ಲಿ ಪುಟ್ಟ ಮಗನ ಎದುರೇ ಒಬ್ಬ ತಾಯಿಯ ಕೊಲೆಯಾಯಿತು. ಮನಶ್ಶಾಸ್ತ್ರಜ್ಞರೊಬ್ಬರು ಕೊಟ್ಟ ವಿವರಣೆಗೆ ಹೊಂದುತ್ತಾನೆಂದು ಪೊಲೀಸರು ಒಬ್ಬನ ಹಿಂದೆ ಬಿದ್ದರು. ಮಹಿಳಾ ಪೊಲೀಸ್ ಒಬ್ಬರು ವೇಷ ಮರೆಸಿ ತಿಂಗಳುಗಟ್ಟಲೆ ಅವನೊಂದಿಗೆ ಪ್ರೀತಿಯ ನಾಟಕ ಆಡಿದರು. ಅವನು ತಪ್ಪೊಪ್ಪಿಕೊಳ್ಳಲಿಲ್ಲ. 1994ರಲ್ಲಿ ನ್ಯಾಯಾಧೀಶರು ಆ ಸಾಕ್ಷ್ಯವನ್ನೆಲ್ಲ ತಳ್ಳಿಹಾಕಿದರು. ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್ ತಪ್ಪು ಒಪ್ಪಿಕೊಂಡದ್ದು 2008ರಲ್ಲಿ. ಪೊಲೀಸರು ಇನ್ನೊಬ್ಬನ ಹಿಂದೆ ಇದ್ದಾಗಲೇ, 1993ರಲ್ಲಿ, ಅವನು ಮತ್ತೊಬ್ಬ ತಾಯಿಯನ್ನೂ ಅವಳ ಮಗುವನ್ನೂ ಕೊಂದಿದ್ದ.

ಕನ್ನಡದಲ್ಲಿ ಈ ಮೂರು ಎಳೆ ಬೇರೆ ಬೇರೆಯಾಗಿ ಬೆಳೆದವು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಒಂದು ಕಾಲದಲ್ಲಿ ಮನೆಮಾತು. ಓದಲು ಕಲಿತ ಎಷ್ಟೋ ಜನ ಅವರ ಪುಸ್ತಕಗಳಿಂದಲೇ ಓದುಗರಾದರು. ತ್ರಿವೇಣಿ 'ಶರಪಂಜರ'ದಲ್ಲಿ ಹೆಣ್ಣಿನ ಮನಸ್ಸಿನ ಕಾಯಿಲೆಯನ್ನೂ, ಅದಕ್ಕೆ ಮನೆಯವರು ತೋರಿಸುವ ನಿರ್ದಯೆಯನ್ನೂ ಬರೆದರು. ನಮ್ಮ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿ 'ಜುಗಾರಿ ಕ್ರಾಸ್' ಬರೆದರು. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ ದೊಡ್ಡ ಜಾಲವೊಂದರ ಬಾಯಿಗೆ ಬೀಳುವ ಕತೆ ಅದು. ಪ್ರೇಮವೂ ರೋಮಾಂಚನವೂ ಮಲೆನಾಡಿನ ಮಣ್ಣಿನಲ್ಲಿ ಒಟ್ಟಿಗೆ ನಿಲ್ಲುತ್ತವೆ ಎಂದು ತೋರಿಸಲು ಅದೊಂದೇ ಸಾಕು. ಹಂತಕನ ಮನಸ್ಸು ಹುಡುಕುವ ಪೊಲೀಸ್ ಮಾತ್ರ ನಮಗೆ ಇಂಗ್ಲಿಷಿನಿಂದ, ಹೆಚ್ಚಾಗಿ ಸಿನಿಮಾದಿಂದ ಬಂದ.

ಇನ್ನು ಹಾಸನದ ಮಾತು. 2009ರ ಜೂನ್‌ನಲ್ಲಿ ಇಲ್ಲಿನ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದ ಶೌಚಾಲಯದಲ್ಲಿ ಯುವತಿಯೊಬ್ಬಳ ಶವ ಸಿಕ್ಕಿತು. ಅವಳು ಬಂಟ್ವಾಳ ತಾಲ್ಲೂಕಿನವಳು. ಶಿರಾಡಿ ಘಾಟಿ ಹತ್ತಿ ಇಲ್ಲಿಗೆ ಬಂದದ್ದು ಮದುವೆಯಾಗುತ್ತೇನೆಂದು ನಂಬಿಸಿದವನ ಜೊತೆ. ಆ ಗಂಡಸನ್ನು ನಂತರ ಪತ್ರಿಕೆಗಳು ಸಯನೈಡ್ ಮೋಹನ್ ಎಂದು ಕರೆದವು. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ವರದಕ್ಷಿಣೆ ಕೊಡಲಾಗದ ಬಡ ಮನೆಗಳ, ಮದುವೆ ತಡವಾದ ಹೆಣ್ಣುಮಕ್ಕಳನ್ನೇ ಹುಡುಕುತ್ತಿದ್ದ. ಬೇರೆ ಊರಿನ ಲಾಡ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಒಡವೆ ರೂಮಿನಲ್ಲೇ ಬಿಚ್ಚಿಡಿಸಿ ಬಸ್ ನಿಲ್ದಾಣಕ್ಕೆ ಕರೆತರುತ್ತಿದ್ದ. ಗರ್ಭ ನಿಲ್ಲದಿರಲು ಎಂದು ಮಾತ್ರೆ ಕೊಟ್ಟು, ಶೌಚಾಲಯದಲ್ಲೇ ನುಂಗು ಎನ್ನುತ್ತಿದ್ದ. ಅದರಲ್ಲಿ ಸಯನೈಡ್ ಇರುತ್ತಿತ್ತು. ಅವನು ಲಾಡ್ಜಿಗೆ ವಾಪಸ್ ಹೋಗಿ ಒಡವೆ ತೆಗೆದುಕೊಂಡು ಹೊರಟುಬಿಡುತ್ತಿದ್ದ.

2003ರಿಂದ 2009ರವರೆಗೆ ಹೀಗೆ 20 ಮಹಿಳೆಯರನ್ನು ಕೊಂದ ಆರೋಪ ಅವನ ಮೇಲೆ ಬಂತು. ಮೈಸೂರು, ಮಡಿಕೇರಿ, ಬೆಂಗಳೂರು, ಹಾಸನ. ಬಸ್ ನಿಲ್ದಾಣಗಳು ಬೇರೆ, ಶೌಚಾಲಯದ ಬಾಗಿಲು ಒಳಗಿನಿಂದ ಹಾಕಿರುತ್ತಿದ್ದದ್ದು ಒಂದೇ. ಪೊಲೀಸರಿಗೆ ಅದು ಆತ್ಮಹತ್ಯೆಯ ಹಾಗೆ ಕಂಡಿತು. ಗುರುತು ಸಿಗದ ಹೆಣ್ಣಿನ ಶವ, ಒಂದು ಅಸಹಜ ಸಾವಿನ ಪ್ರಕರಣ, ಅಂದರೆ ಯುಡಿಆರ್. ಆ ಕಡೆ ಕರಾವಳಿಯ ಠಾಣೆಗಳಲ್ಲಿ ಕಾಣೆಯಾದ ಹುಡುಗಿಯರ ದೂರು. ಕೆಲವು ಮನೆಗಳಲ್ಲಿ ಅದೂ ಇಲ್ಲ, ಮಗಳು ಯಾರ ಜೊತೆಗೋ ಓಡಿಹೋದಳು ಎಂಬ ನಾಚಿಕೆ. ಘಾಟಿಯ ಮೇಲಿನ ಫೈಲು ಮತ್ತು ಕೆಳಗಿನ ಫೈಲು ಒಂದೇ ಮೇಜಿಗೆ ಬರಲಿಲ್ಲ.

ಬಂಟ್ವಾಳದ ಆ ಹುಡುಗಿ ಕಾಣೆಯಾದಾಗ ಮಾತ್ರ ಊರವರು ಸುಮ್ಮನಿರಲಿಲ್ಲ. ಪ್ರತಿಭಟನೆ ಆಯಿತು. ಪೊಲೀಸರು ಮೊಬೈಲ್ ಕರೆಗಳ ವಿವರ ತೆಗೆದು ಒಂದು ನಂಬರಿನಿಂದ ಇನ್ನೊಂದಕ್ಕೆ ಹೋದರು. ಹಾಗೆ ಹೋದಂತೆ ಕಾಣೆಯಾದ ಬೇರೆ ಹೆಣ್ಣುಮಕ್ಕಳ ಸುಳಿವೂ ಸಿಕ್ಕಿತು. 2009ರ ಅಕ್ಟೋಬರ್‌ನಲ್ಲಿ ಅವನ ಬಂಧನವಾಯಿತು. ಇಲ್ಲಿ ಪ್ರೊಫೈಲರ್ ಇರಲಿಲ್ಲ. ಕರೆಪಟ್ಟಿ ಹಿಡಿದು ಕುಳಿತ ಪೊಲೀಸರಿದ್ದರು, ಹಠ ಬಿಡದ ಜನರಿದ್ದರು.

ಊರೂರಿನ ಫೈಲು ಜೋಡಿಸಿ ನೋಡಬೇಕೆಂಬ ಈ ಪಾಠ ಅಮೆರಿಕದ ಪೊಲೀಸರಿಗೂ ಹೀಗೇ ಸಿಕ್ಕಿತ್ತು. 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಪತ್ತೇದಾರ ಪಿಯರ್ಸ್ ಬ್ರೂಕ್ಸ್, ಒಂದು ಕೊಲೆಗೆ ಹೋಲುವ ಇನ್ನೊಂದು ಕೊಲೆ ಬೇರೆಲ್ಲಾದರೂ ಆಗಿದೆಯಾ ಎಂದು ಬಿಡುವಿನ ವೇಳೆ ಲೈಬ್ರರಿಗೆ ಹೋಗಿ ಊರೂರಿನ ಪತ್ರಿಕೆ ತಿರುವಿಹಾಕುತ್ತಿದ್ದರು. ಆ ಅನುಭವದಿಂದಲೇ 1985ರಲ್ಲಿ ಎಫ್‌ಬಿಐನ ವೈಕ್ಯಾಪ್ ಎಂಬ ಕಂಪ್ಯೂಟರ್ ದಾಖಲೆ ಶುರುವಾಯಿತು. ನಮ್ಮ ದೇಶದ ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2009ರಲ್ಲಿ, ಮೋಹನ್ ಸಿಕ್ಕಿಬಿದ್ದ ವರ್ಷವೇ.

ಹಾಗಾಗಿ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ನಡೆಯುವ ಇಂಥ ಕಾದಂಬರಿಯನ್ನು ಕನ್ನಡದಲ್ಲಿ ಯಾರಾದರೂ ಬರೆದರೆ, ಕ್ವಾಂಟಿಕೋದ ನಾಯಕನನ್ನು ಹಾಗೇ ತಂದು ಕೂರಿಸಬಾರದು ಎಂಬುದು ನನ್ನ ಆಸೆ. ನಾಯಕಿ ಬಡಾವಣೆ ಠಾಣೆಯ ಒಬ್ಬ ಮಹಿಳಾ ಪಿಎಸ್‌ಐ ಆಗಿರಲಿ. ಅವಳ ಮುಂದೆ ಮೂರು ಜಿಲ್ಲೆಯ ಯುಡಿಆರ್ ಫೈಲುಗಳಿರಲಿ. ಅವಳಿಗೂ ಪ್ರೀತಿ ಆಗಲಿ, ಯಾಕಾಗಬಾರದು? ಆದರೆ ಮದುವೆಯ ಮಾತು ಕೇಳಿ ಬಸ್ ಹತ್ತಿದ ಹುಡುಗಿಯರಿಗೂ ಪುಸ್ತಕದಲ್ಲಿ ಪೂರ್ತಿ ಜಾಗ ಬೇಕು. ಅವರು ಬೀಡಿ ಕಟ್ಟಿ ಕೂಡಿಟ್ಟ ದುಡ್ಡು, ಮನೆಯವರ ಒತ್ತಡ, ಸಂತೋಷದಿಂದ ಉಟ್ಟ ಹೊಸ ಸೀರೆ ಎಲ್ಲ ಬರಬೇಕು. ಹಂತಕನ ಬಾಲ್ಯಕ್ಕೆ 50 ಪುಟ ಕೊಟ್ಟು, ಸತ್ತವಳಿಗೆ ಒಂದು ಪ್ಯಾರಾ ಕೊಡುವ ಅಭ್ಯಾಸ ಇಂಗ್ಲಿಷಿನಲ್ಲಿ ಜಾಸ್ತಿ. ನಾವು ಅದನ್ನು ಕಲಿಯಬೇಕಿಲ್ಲ.

ಬರೆಯುವವರಿಗೆ ದಾಖಲೆಯ ಕೊರತೆಯೂ ಇಲ್ಲ. ಮಂಗಳೂರಿನ ನ್ಯಾಯಾಲಯ 2013ರ ಡಿಸೆಂಬರ್‌ನಲ್ಲಿ ಮೋಹನ್ ಮೇಲಿನ ಮೊದಲ ಮೂರು ಪ್ರಕರಣಗಳ ತೀರ್ಪು ಕೊಟ್ಟಿತು. ಇಪ್ಪತ್ತನೆಯದು ಮುಗಿದದ್ದು 2020ರ ಜೂನ್‌ನಲ್ಲಿ. ಯಾವ ಊರಿನ ಲಾಡ್ಜು, ಯಾವ ಬಸ್ ನಿಲ್ದಾಣ, ಯಾರು ಬಾಗಿಲು ಒಡೆದರು, ಯಾರು ಫೋಟೋ ನೋಡಿ ನಮ್ಮ ಅಕ್ಕ ಎಂದು ಗುರುತಿಸಿದರು ಎಂಬುದನ್ನು ಸಾಕ್ಷಿಗಳೇ ಅಲ್ಲಿ ಹೇಳಿದ್ದಾರೆ.