ಡಿಸ್ಕ್ ಆಪರೇಷನ್ ಆದ ಮೇಲೂ ಕಾಲು ಏಕೆ ಸೆಳೆಯುತ್ತದೆ?

ಬೆನ್ನಿನ ಡಿಸ್ಕ್ ಆಪರೇಷನ್ ಮಾಡಿಸಿಕೊಂಡವರು ಹೆಚ್ಚು ಕಂಗೆಡುವುದು ಎರಡನೆಯ ಅಥವಾ ಮೂರನೆಯ ವಾರದಲ್ಲಿ. ಅಲ್ಲಿಯವರೆಗೆ ಎಲ್ಲವೂ ನೆಟ್ಟಗಿರುತ್ತದೆ. ಅರಿವಳಿಕೆ ಇಳಿದು ಕಣ್ಣು ಬಿಟ್ಟಾಗ, ತಿಂಗಳುಗಟ್ಟಲೆ ಪಿರ್ರೆಯಿಂದ ಪಾದದವರೆಗೆ ಹರಿಯುತ್ತಿದ್ದ ಸೆಳೆತ ಇಲ್ಲವಾಗಿರುತ್ತದೆ. ಮರುದಿನವೇ ವಾರ್ಡಿನಲ್ಲಿ ನಡೆದಾಡಿ, ಹೊಲಿಗೆ ಬಿಚ್ಚಿಸಿಕೊಂಡು, ನಗುನಗುತ್ತ ಊರಿಗೆ ಬಂದಿರುತ್ತಾರೆ. ಆಮೇಲೊಂದು ರಾತ್ರಿ ಅದೇ ಕಾಲಿನಲ್ಲಿ, ಅದೇ ಜಾಡಿನಲ್ಲಿ ಚುಳುಕು ಏಳುತ್ತದೆ. ಸಿಂಧನೂರಾಗಲಿ, ಕಂಪ್ಲಿಯಾಗಲಿ, ಕುಷ್ಟಗಿಯಾಗಲಿ, ಮನೆಯವರ ತೀರ್ಪು ಒಂದೇ: "ಬೆನ್ನಿಗೆ ಕತ್ತರಿ ಹಾಕಿಸಬೇಡ ಎಂದು ಅಂದೇ ಹೇಳಿದ್ದೆವು."

ಬಹುಪಾಲು ಸಂದರ್ಭಗಳಲ್ಲಿ ಈ ತೀರ್ಪು ತಪ್ಪು. ಆದರೆ ಅದರಿಂದಾಗುವ ಹಾನಿ ದೊಡ್ಡದು. ಹೆದರಿದವರು ನಡೆಯುವುದನ್ನು ಬಿಟ್ಟು ಹಾಸಿಗೆ ಹಿಡಿಯುತ್ತಾರೆ. ಕೆಲವರು ಬೆನ್ನು ತುಳಿಸಿಕೊಳ್ಳಲು, ಕಾಲು ಎಳೆಸಿಕೊಳ್ಳಲು ಹೋಗಿ ಇನ್ನೂ ಹಸಿಯಾಗಿರುವ ಗಾಯಕ್ಕೆ ಪೆಟ್ಟು ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ಸಾಲ ಮಾಡಿ ಇನ್ನೊಂದು ಸ್ಕ್ಯಾನ್‌ಗೆಂದು ಹೈದರಾಬಾದಿನ ಗಾಡಿ ಹತ್ತುತ್ತಾರೆ. ಮರಳಿ ಬಂದ ನೋವನ್ನು ಓದುವುದು ಹೇಗೆ ಎಂದು ಬಿಡುಗಡೆಯ ದಿನವೇ ಯಾರಾದರೂ ಹತ್ತು ನಿಮಿಷ ಕೂರಿಸಿ ಹೇಳಿದ್ದರೆ ಇದರಲ್ಲಿ ಎಷ್ಟೋ ತಪ್ಪುತ್ತಿತ್ತು.

ಬೆನ್ನೆಲುಬಿನ ಮಣಿಗಳ ನಡುವೆ 23 ಡಿಸ್ಕ್‌ಗಳಿವೆ. ಹೊರಗೆ ನಾರಿನ ಪದರಗಳ ಗಟ್ಟಿ ಉಂಗುರ, ಒಳಗೆ ನೀರಿನಂಶ ತುಂಬಿದ ಲೋಳೆಯಂಥ ತಿರುಳು. ಉಂಗುರ ಸೀಳಿ ತಿರುಳು ಹಿಂದಕ್ಕೆ ಜಾರಿದರೆ, ಅಲ್ಲೇ ಪಕ್ಕದಲ್ಲಿ ಕಾಲಿಗೆ ಇಳಿಯುವ ನರದ ಬೇರಿಗೆ ತಾಗುತ್ತದೆ. ಸೊಂಟದಲ್ಲಿ ಹೀಗಾಗುವ ಹತ್ತು ಪ್ರಕರಣಗಳಲ್ಲಿ ಒಂಬತ್ತು ಕೊನೆಯ ಎರಡು ಡಿಸ್ಕ್‌ಗಳಲ್ಲಿಯೇ. ವರದಿಯಲ್ಲಿ ಎಲ್4-ಎಲ್5, ಎಲ್5-ಎಸ್1 ಎಂದು ಬರೆದಿರುವುದು ಇವನ್ನೇ. ಸಯಾಟಿಕಾ ಎಂಬ ಕಾಲುನೋವಿಗೂ ಡಿಸ್ಕಿಗೂ ಇರುವ ನಂಟನ್ನು ಬಾಸ್ಟನ್ನಿನ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ 1934ರಲ್ಲಿ ಪ್ರಕಟಿಸಿದ ನಂತರ ಈ ಶಸ್ತ್ರಚಿಕಿತ್ಸೆ ಎಲ್ಲೆಡೆ ಹರಡಿತು. ಈಗ ಅದು ಸೂಕ್ಷ್ಮದರ್ಶಕದ ನೆರವಿನಿಂದ ಸಣ್ಣ ಸೀಳಿನಲ್ಲಿ ಮುಗಿಯುತ್ತದೆ. ಹೊರಗೆ ಜಾರಿದ ತುಂಡನ್ನೂ ಒಳಗೆ ಸಡಿಲವಾಗಿರುವ ಚೂರುಗಳನ್ನೂ ತೆಗೆಯುತ್ತಾರೆ, ಅಷ್ಟೇ. ಡಿಸ್ಕ್ ಅಲ್ಲೇ ಉಳಿಯುತ್ತದೆ, ಉಂಗುರದಲ್ಲಿ ಬಿದ್ದ ತೂತೂ ಉಳಿಯುತ್ತದೆ. ಡಿಸ್ಕಿನೊಳಗೆ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಆ ತೂತು ನಿಧಾನವಾಗಿ, ಅರೆಬರೆಯಾಗಿ ಕೂಡಿಕೊಳ್ಳುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ನಿಧಾನ.

ಹಾಗಾದರೆ ತುಂಡು ತೆಗೆದ ಮೇಲೂ ಕಾಲು ಏಕೆ ನೋಯಬೇಕು? ಇದಕ್ಕೆ ಉತ್ತರ ಕೊಟ್ಟ ಒಂದು ಹಳೆಯ ಪ್ರಯೋಗ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. 1958ರಲ್ಲಿ ಸ್ಮೈತ್ ಮತ್ತು ರೈಟ್ ಎಂಬ ವೈದ್ಯರು ಅದನ್ನು ಪ್ರಕಟಿಸಿದರು. ಡಿಸ್ಕ್ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿಯೇ ನರದ ಬೇರಿಗೂ ಸುತ್ತಲಿನ ಇತರ ಅಂಗಾಂಶಗಳಿಗೂ ಸಣ್ಣ ನೈಲಾನ್ ದಾರ ಸುತ್ತಿ, ಅದರ ತುದಿಗಳನ್ನು ಚರ್ಮದ ಹೊರಗೆ ತಂದು ಬಿಟ್ಟರು. ಗಾಯ ಮಾಗುತ್ತಿದ್ದ ದಿನಗಳಲ್ಲಿ ಒಂದೊಂದೇ ದಾರವನ್ನು ಮೆಲ್ಲಗೆ ಎಳೆದು ಎಲ್ಲಿ ನೋಯುತ್ತದೆ ಎಂದು ಕೇಳಿದರು. ಡಿಸ್ಕ್ ತಾಗಿ ಕೆರಳಿದ್ದ ಬೇರಿನ ದಾರವನ್ನು ತುಸು ಎಳೆದರೂ ಸಾಕು, ರೋಗಿಗೆ ತನ್ನ ಹಳೆಯ ಕಾಲುನೋವೇ ಮರಳುತ್ತಿತ್ತು. ಜಾರಿದ ತುಂಡು ಆಗ ದೇಹದಲ್ಲೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಮುಂದೆ 1991ರಲ್ಲಿ ಕುಸ್ಲಿಚ್ ಮತ್ತು ಸಂಗಡಿಗರು ರೋಗಿಗಳು ಎಚ್ಚರವಾಗಿದ್ದಂತೆಯೇ, ಬೆನ್ನನ್ನಷ್ಟೇ ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಮಾಡುವಾಗ ಒಂದೊಂದು ಅಂಗಾಂಶವನ್ನೂ ಮುಟ್ಟಿ ನೋಡಿದರು. ಕಾಲಿಗೆ ಇಳಿಯುವ ನೋವು ಎದ್ದದ್ದು ಕೆರಳಿ ಊದಿದ್ದ ನರದ ಬೇರನ್ನು ಮುಟ್ಟಿದಾಗ. ಆರೋಗ್ಯವಂತ ನರವನ್ನು ಮುಟ್ಟಿದರೆ ಆ ನೋವು ಏಳಲಿಲ್ಲ.

ನರ ಕೆರಳುವುದಕ್ಕೆ ಒತ್ತಡವೇ ಬೇಕೆಂದಿಲ್ಲ. ಸ್ವೀಡನ್ನಿನಲ್ಲಿ ಓಲ್‌ಮಾರ್ಕರ್ ಮತ್ತು ಸಂಗಡಿಗರು 1993ರಲ್ಲಿ ಹಂದಿಗಳ ಮೇಲೆ ಇದನ್ನು ತೋರಿಸಿದರು. ಹಂದಿಯದೇ ಡಿಸ್ಕಿನ ತಿರುಳನ್ನು ಅದರ ನರಗಳ ಮೇಲೆ ಯಾವ ಒತ್ತಡವೂ ಇಲ್ಲದೆ ಸುಮ್ಮನೆ ಇಟ್ಟರು. ಕೆಲವೇ ದಿನಗಳಲ್ಲಿ ಆ ನರಗಳಲ್ಲಿ ಸಂಕೇತ ಸಾಗುವ ವೇಗ ತಗ್ಗಿತು. ತಿರುಳಿನಲ್ಲಿರುವ ರಾಸಾಯನಿಕಗಳು ನರಕ್ಕೆ ಉರಿಯೂತ ತರುತ್ತವೆ. ಶಸ್ತ್ರವೈದ್ಯರು ಒತ್ತಡವನ್ನು ಗಂಟೆಯೊಂದರಲ್ಲಿ ತೆಗೆಯಬಲ್ಲರು. ಉರಿಯೂತ ಇಳಿಯಲು ಅದರದೇ ಕಾಲ ಬೇಕು.

ಮೂರನೆಯ ವಾರದ ನೋವಿನ ಗುಟ್ಟು ಇಲ್ಲಿದೆ. ಶಸ್ತ್ರಚಿಕಿತ್ಸೆಯಲ್ಲಿ ಆ ಬೇರನ್ನು ಪಕ್ಕಕ್ಕೆ ಸರಿಸಿಯೇ ತುಂಡನ್ನು ತೆಗೆಯಬೇಕು, ಆದ್ದರಿಂದ ಅದು ಇನ್ನಷ್ಟು ಊದುತ್ತದೆ. ಮೊದಲ ದಿನಗಳಲ್ಲಿ ಆಸ್ಪತ್ರೆಯ ಪ್ರಬಲ ಔಷಧಗಳು ಅದನ್ನು ಅಡಗಿಸಿರುತ್ತವೆ. ಕೆಲವು ವೈದ್ಯರು ನರದ ಮೇಲೆಯೇ ಸ್ಟಿರಾಯ್ಡ್ ಬಿಟ್ಟಿರುತ್ತಾರೆ. ಅವುಗಳ ಪ್ರಭಾವ ಇಳಿಯುವ ಹೊತ್ತಿಗೇ ರೋಗಿ ಹೆಚ್ಚು ಕೂರತೊಡಗುತ್ತಾರೆ, ಬಾಗುತ್ತಾರೆ, ಬಸ್ಸು ಹತ್ತುತ್ತಾರೆ. ಜೊತೆಗೆ ಗಾಯದ ಕಲೆಯ ಅಂಗಾಂಶ ಬೇರಿನ ಸುತ್ತ ಬೆಳೆಯುತ್ತಿರುತ್ತದೆ. ಕಾಲನ್ನು ನೀಡಿದಾಗ ನರದ ಬೇರು ಕೆಲವು ಮಿಲಿಮೀಟರ್ ಜಾರಬೇಕು. ಕಲೆ ಅದನ್ನು ಹಿಡಿದರೆ ಸೆಳೆತ. ಅಳತೆಯಲ್ಲಿ ನಡೆದಾಡುವುದು ಒಳ್ಳೆಯದು ಎನ್ನುವುದಕ್ಕೆ ಇದೂ ಒಂದು ಕಾರಣ. ಮಲಗಿದವರ ನರ ಜಾರುವುದೇ ಇಲ್ಲ.

ತುಂಗಭದ್ರಾ ಅಣೆಕಟ್ಟಿನಲ್ಲಿ ಗೇಟು ಎತ್ತಿದ ದಿನವೇ ಎಡದಂಡೆ ನಾಲೆಯ ಕೊನೆಯ ಭಾಗದ ಹೊಲಕ್ಕೆ ನೀರು ಬರುವುದಿಲ್ಲ ಎಂಬುದು ರಾಯಚೂರಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ನರವೂ ಮೇಲಿನಿಂದ ಕೆಳಕ್ಕೆ ಚೇತರಿಸಿಕೊಳ್ಳುತ್ತದೆ, ಪಾದ ಮತ್ತು ಬೆರಳುಗಳು ಕೊನೆಗೆ. ನರದ ಎಳೆಗಳು ತುಂಡಾಗದೆ ಹೊದಿಕೆ ಮಾತ್ರ ಕೆಟ್ಟಿದ್ದರೆ ವಾರಗಳಿಂದ ತಿಂಗಳುಗಳಲ್ಲಿ ಸರಿಹೋಗುತ್ತದೆ. ಎಳೆಗಳೇ ತುಂಡಾಗಿದ್ದರೆ ಅವು ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಹೆಬ್ಬೆರಳಿನವರೆಗಿನ ದೂರ ಸುಮಾರು ಒಂದು ಮೀಟರ್. ಲೆಕ್ಕ ಓದುಗರೇ ಹಾಕಿಕೊಳ್ಳಬಹುದು. ಸಾಮಾನ್ಯವಾಗಿ ಮೊದಲು ನೋವು ಹೋಗುತ್ತದೆ, ಆಮೇಲೆ ಬಲ ಬರುತ್ತದೆ, ಜೋಮು ಹೋಗುವುದು ಎಲ್ಲಕ್ಕಿಂತ ಕೊನೆಗೆ. ಕೆಲವರಲ್ಲಿ ಸ್ವಲ್ಪ ಜೋಮು ಶಾಶ್ವತವಾಗಿಯೇ ಉಳಿಯುತ್ತದೆ.

ಆದ್ದರಿಂದ ಇಂದು ನೋವು ಎಷ್ಟಿದೆ ಎಂಬುದಕ್ಕಿಂತ ಅದು ಎತ್ತ ಸಾಗುತ್ತಿದೆ ಎಂಬುದನ್ನು ನೋಡಬೇಕು. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ 1950ರ ದಶಕದಲ್ಲಿ ಗಮನಿಸಿದ್ದು ಇದನ್ನೇ: ಪಾದದಲ್ಲಿದ್ದ ನೋವು ಮೊಣಕಾಲಿಗೆ, ಅಲ್ಲಿಂದ ಪಿರ್ರೆಗೆ, ಸೊಂಟಕ್ಕೆ ಹಿಂದೆ ಸರಿಯುತ್ತಿದ್ದರೆ ಅದು ಒಳ್ಳೆಯ ಸೂಚನೆ, ಸೊಂಟದ ನೋವು ತುಸು ಹೆಚ್ಚಿದರೂ ಸರಿ. ಸೊಂಟದಿಂದ ಕೆಳಗಿಳಿದು ಮತ್ತೆ ಪಾದ ಮುಟ್ಟಿದರೆ ಹಿಂದಿನ ದಿನ ಏನು ಮಾಡಿದೆವು ಎಂದು ಯೋಚಿಸಬೇಕು. ನಡೆದ ದೂರ ಹೆಚ್ಚಾಯಿತೇ, ಬಹಳ ಹೊತ್ತು ಕುಳಿತೆವೇ? ಒಂದೆರಡು ದಿನ ಅಳತೆ ತಗ್ಗಿಸಿದಾಗ ಶಮನವಾದರೆ ಅದು ಕೆರಳಿದ ನರದ ಗೊಣಗಾಟ.

ಡಿಸ್ಕ್ ಮತ್ತೆ ಜಾರುವುದೂ ಉಂಟು. ಅಧ್ಯಯನಗಳ ಪ್ರಕಾರ ನೂರರಲ್ಲಿ 5ರಿಂದ 15 ಜನರಿಗೆ ಹೀಗಾಗುತ್ತದೆ. ಅದರ ಚಹರೆ ಸಾಮಾನ್ಯವಾಗಿ ಬೇರೆ. ಚೆನ್ನಾಗಿದ್ದವರು ಭಾರ ಎತ್ತಿದಾಗ, ಬಾಗಿ ಹೊರಳಿದಾಗ ಅಥವಾ ಜೋರಾಗಿ ಸೀನಿದಾಗ ಒಮ್ಮೆಗೇ ಹಳೆಯ ನೋವು ಪೂರ್ತಿ ಬಲದಿಂದ ಮರಳುತ್ತದೆ, ದಿನಗಳು ಕಳೆದರೂ ಜಗ್ಗುವುದಿಲ್ಲ. ಆಗ ವೈದ್ಯರ ಬಳಿ ಹೋಗಲೇಬೇಕು. ಬರಿಯ ಹೆದರಿಕೆಯಿಂದ ಮೊದಲ ವಾರಗಳಲ್ಲೇ ಎಂಆರ್‌ಐ ಮಾಡಿಸುವುದಕ್ಕೆ ಮಾತ್ರ ನನ್ನ ಸಹಮತವಿಲ್ಲ. ಆಗಿನ ಊತ, ರಕ್ತ, ಹಸಿ ಕಲೆ ಎಲ್ಲವೂ ಚಿತ್ರದಲ್ಲಿ ಉಳಿದುಹೋದ ಡಿಸ್ಕಿನಂತೆಯೇ ಕಾಣುತ್ತವೆ, ನೋವೇ ಇಲ್ಲದವರಲ್ಲೂ. ಕಲೆ ಯಾವುದು, ಡಿಸ್ಕ್ ಯಾವುದು ಎಂದು ಬೇರ್ಪಡಿಸಲು ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಟ್ಟು ಸ್ಕ್ಯಾನ್ ಮಾಡುತ್ತಾರೆ. ಕಲೆ ಬೆಳಗುತ್ತದೆ, ಡಿಸ್ಕ್ ಬೆಳಗುವುದಿಲ್ಲ.

ಬಿಡುಗಡೆಯ ಚೀಟಿಯಲ್ಲಿ "ಭಾರ ಎತ್ತಬಾರದು, ಮುಂದಕ್ಕೆ ಬಾಗಬಾರದು" ಎಂದಿರುತ್ತದೆ. ಇದು ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ 75 ಕೆ.ಜಿ. ಭತ್ತದ ಚೀಲ ಹೊರುವ ಹಮಾಲನ ಕೈಗೂ ಸಿಗುತ್ತದೆ. ಭತ್ತದ ನಾಟಿಗೆ ದಿನವಿಡೀ ಬಾಗುವ ಹೆಂಗಸಿಗೂ, ಬಳ್ಳಾರಿಯಲ್ಲಿ ಪೀಸಿನ ಲೆಕ್ಕದಲ್ಲಿ ಜೀನ್ಸ್ ಹೊಲಿಯುವವನಿಗೂ ಅದೇ ಚೀಟಿ. 1999ರಲ್ಲಿ ಜರ್ಮನಿಯ ಸಂಶೋಧಕರು ಸ್ವಯಂಸೇವಕನೊಬ್ಬನ ಡಿಸ್ಕಿನೊಳಗೇ ಮಾಪಕವಿಟ್ಟು ಒತ್ತಡ ಅಳೆದರು. ನೆಟ್ಟಗೆ ನಿಂತಾಗ ಇರುವುದಕ್ಕಿಂತ, ಬಾಗಿ ನಿಂತಾಗ ಅದು ಎರಡು ಪಟ್ಟು. ಬೆನ್ನು ಬಗ್ಗಿಸಿ ಬರಿಯ 20 ಕೆ.ಜಿ. ಎತ್ತಿದಾಗ ನಾಲ್ಕು ಪಟ್ಟಿಗೂ ಮಿಗಿಲು. ಚೀಟಿಯ ಮಾತು ಸರಿಯೇ, ಆದರೆ ಕೂಲಿಯಿಲ್ಲದ ಆರು ವಾರ ಮನೆ ಹೇಗೆ ನಡೆಯಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆಪರೇಷನ್ ದಿನ ಗೊತ್ತುಮಾಡುವಾಗಲೇ ವೈದ್ಯರು ರೋಗಿಯ ಕೆಲಸವೇನು ಎಂದು ಕೇಳಬೇಕು. ನಾಟಿಯ ಹಂಗಾಮು ಮುಗಿದ ಮೇಲೆ ಇಟ್ಟುಕೊಳ್ಳಬಹುದೇ, ಗಿರಣಿಯಲ್ಲಿ ಕೆಲಕಾಲ ತೂಕದ ಕಾಂಟಾದ ಬಳಿ ಕೆಲಸ ಸಿಗುತ್ತದೆಯೇ ಎಂಬ ಮಾತು ಆಗಲೇ ಆಗಬೇಕು.

ಮನೆಯೊಳಗಿನ ಬದಲಾವಣೆ ಅಷ್ಟು ಕಷ್ಟವಲ್ಲ. ನೆಲದಲ್ಲಿ ಕುಳಿತು ರೊಟ್ಟಿ ಬಡಿಯುವವರು ಕೆಲವು ವಾರ ಆ ಕೆಲಸವನ್ನು ಬೇರೆಯವರಿಗೆ ಬಿಡಲಿ, ಅಥವಾ ಒಲೆ, ಕೊಣಮಿಗೆ ಕಟ್ಟೆಯ ಮೇಲೇರಲಿ. ಊಟಕ್ಕೆ ಕುರ್ಚಿ, ಶೌಚಕ್ಕೆ ಪ್ಲಾಸ್ಟಿಕ್ ಕಮೋಡ್ ಸ್ಟೂಲ್ ಸಾಕು.

ಬಿಸಿಲಿನ ವಿಷಯ ಒಂದಿಷ್ಟು ಹೇಳಬೇಕು, ಏಕೆಂದರೆ ಅದು ನಮ್ಮ ಸೀಮೆಯದೇ. ಬೇಸಿಗೆಯಲ್ಲಿ ರಾಯಚೂರು 40 ಡಿಗ್ರಿ ದಾಟುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ದಿನಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ನರದ ನೋವಿಗೆ ಕೊಟ್ಟ ಪ್ರೀಗಾಬಲಿನ್, ಗಾಬಾಪೆಂಟಿನ್‌ಗಳನ್ನು ವೈದ್ಯರನ್ನು ಕೇಳದೆ ಒಮ್ಮೆಗೇ ನಿಲ್ಲಿಸಬಾರದು. ಜೋಮು ಹಿಡಿದ ಅಂಗಾಲಿಗೆ ಬಿಸಿ ತಿಳಿಯುವುದಿಲ್ಲ. ಬರಿಗಾಲಿನಲ್ಲಿ ಅಂಗಳ ದಾಟಿದರೆ, ಶಾಖಕ್ಕೆಂದು ಬಿಸಿ ಇಟ್ಟಿಗೆ ಇಟ್ಟರೆ, ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು.

ಕೆಲವು ಲಕ್ಷಣಗಳಿಗೆ ಮಾತ್ರ ತಾಳ್ಮೆ ಸಲ್ಲದು. ಪಾದ ಮೇಲೆತ್ತಲಾಗದೆ ಚಪ್ಪಲಿ ಜಾರಿ ಬೀಳತೊಡಗಿದರೆ, ಗಾಯದಿಂದ ಕೀವು ಬಂದರೆ, ಜ್ವರದೊಂದಿಗೆ ಬೆನ್ನುನೋವು ಏರುತ್ತ ಹೋದರೆ, ಒಂದೇ ಮೀನಖಂಡ ಊದಿ ಬಿಸಿಯಾದರೆ ಆ ದಿನವೇ ವೈದ್ಯರಿಗೆ ತೋರಿಸಬೇಕು. ತೊಡೆಸಂದಿ ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಗಂಟೆಗಳ ಲೆಕ್ಕ: ನರಗಳ ಗೊಂಚಲೇ ಒತ್ತಿಹೋಗಿರಬಹುದು, ತಡವಾದರೆ ಆ ಹಿಡಿತ ಮರಳದೇ ಹೋಗಬಹುದು. ಹೇಳಿಕೊಳ್ಳಲು ನಾಚಿಕೆಯೆಂದು, ವಿಶೇಷವಾಗಿ ಹೆಂಗಸರು, ಬೆಳಗಿನವರೆಗೆ ಕಾಯುತ್ತಾರೆ. ಕಾಯಬಾರದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ರಾತ್ರಿಯಾದರೂ 108ಕ್ಕೆ ಕರೆ ಮಾಡಿ, ಮೂತ್ರ ಕಟ್ಟಿ ಎಷ್ಟು ಹೊತ್ತಾಯಿತು ಎಂಬುದನ್ನೇ ಎಲ್ಲಕ್ಕಿಂತ ಮೊದಲು ಹೇಳಬೇಕು.